ಮುಂದಿನ ಹಾಡಿಗೆ ಹಾರುವ ಮುನ್ನ

ಮೊದಲು ಒಂದು ಪ್ರಶ್ನೆ. ಹಳೆಯ ಎಲ್‌ಪಿ ರೆಕಾರ್ಡಿನ ಒಂದು ಬದಿಯಲ್ಲಿ ಒಟ್ಟು ಎಷ್ಟು ಗೆರೆಗಳಿರುತ್ತವೆ? ನಮ್ಮ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಈ ಪ್ರಶ್ನೆ ಕೇಳಿದಾಗ ನೂರು, ಏಳುನೂರು, ಸಾವಿರ ಎಂಬ ಉತ್ತರಗಳು ಬಂದವು. ಒಬ್ಬಳು ರೆಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಎಣಿಸಲೂ ಶುರು ಮಾಡಿದಳು. ಸರಿಯಾದ ಉತ್ತರ ಒಂದು. ಹೊರ ಅಂಚಿನಲ್ಲಿ ಶುರುವಾಗುವ ಒಂದೇ ಗೆರೆ ಸುರುಳಿ ಸುತ್ತುತ್ತ ಒಳಗಿನ ಲೇಬಲ್‌ವರೆಗೆ ಬರುತ್ತದೆ. ನಡುನಡುವೆ ನುಣುಪಾದ ಪಟ್ಟಿಗಳ ಹಾಗೆ ಕಾಣುವುದು ಹಾಡುಗಳ ನಡುವಿನ ಮೌನ. ಅಲ್ಲಿಯೂ ಗೆರೆ ಕಡಿದಿರುವುದಿಲ್ಲ, ಸ್ವಲ್ಪ ದೂರದೂರ ಸುತ್ತುತ್ತದೆ ಅಷ್ಟೇ.

ಆ ಗೆರೆಯ ಉದ್ದವನ್ನು ನೀವೇ ಲೆಕ್ಕ ಹಾಕಬಹುದು. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಒಂದು ಬದಿ 22 ನಿಮಿಷ ಎಂದುಕೊಂಡರೆ ಸುಮಾರು 733 ಸುತ್ತು. ಹೊರಗಿನ ಸುತ್ತಿನ ತ್ರಿಜ್ಯ ಸುಮಾರು 14.6 ಸೆಂಟಿಮೀಟರ್, ಒಳಗಿನದು ಸುಮಾರು 6. ಸರಾಸರಿ ತೆಗೆದು ಪರಿಧಿ ಕಂಡುಹಿಡಿದು ಗುಣಿಸಿ. ಹೆಚ್ಚುಕಡಿಮೆ 475 ಮೀಟರ್ ಬರುತ್ತದೆ. ಅಂದರೆ ಮುಳ್ಳು ಒಂದು ಬದಿ ಮುಗಿಸುವಷ್ಟರಲ್ಲಿ ಅರ್ಧ ಕಿಲೋಮೀಟರಿನಷ್ಟು ದಾರಿಯನ್ನು, ಎಲ್ಲೂ ನೆಗೆಯದೆ, ಸವೆಸಿರುತ್ತದೆ.

ನಾನು ಈ ಲೇಖನ ಬರೆಯಲು ಕಾರಣ ನಿಮ್ಮ ಕಿವಿಯಲ್ಲಿರುವ ಇಯರ್‌ಫೋನ್. ಕಾಲೇಜು ಬಸ್ಸಿನಲ್ಲಿ ನಿಮ್ಮ ಜೊತೆ ಬರುವಾಗ ನೋಡುತ್ತೇನೆ. ಒಂದು ಹಾಡು ಶುರುವಾಗುತ್ತದೆ, ಹತ್ತು ಸೆಕೆಂಡಿಗೆ ಹೆಬ್ಬೆರಳು ಸರಿಯುತ್ತದೆ. ಇನ್ನೊಂದು ಹಾಡು, ಇನ್ನೊಂದು ಹತ್ತು ಸೆಕೆಂಡು. ಇದನ್ನು ತಪ್ಪು ಎಂದು ಬೈಯಲು ನಾನು ಕುಳಿತಿಲ್ಲ. ಹೀಗೆ ಹಾರಿಹಾರಿ ಕೇಳುವುದು ಎಲ್ಲಿಂದ ಬಂತು, ಅದರಿಂದ ಹಾಡು ಮಾಡುವವರ ಕೆಲಸ ಹೇಗೆ ಬದಲಾಯಿತು, ಇಡೀ ರೆಕಾರ್ಡನ್ನು ಒಂದು ಕೃತಿಯಾಗಿ ಕೇಳುವುದೆಂದರೆ ಏನು ಎಂಬುದನ್ನು ವಿವರಿಸುವುದು ನನ್ನ ಉದ್ದೇಶ. ಅದಕ್ಕೆ ಮತ್ತೆ ಆ ಒಂದೇ ಗೆರೆಗೆ ಹೋಗಬೇಕು.

ಧ್ವನಿ ಎಂದರೆ ಕಂಪನ. ರೆಕಾರ್ಡ್ ಮಾಡುವಾಗ ಆ ಕಂಪನಕ್ಕೆ ತಕ್ಕಂತೆ ಗೆರೆಯನ್ನು ಅಂಕುಡೊಂಕಾಗಿ ಕೊರೆಯುತ್ತಾರೆ. ನುಡಿಸುವಾಗ ಮುಳ್ಳು ಅದೇ ಡೊಂಕಿನಲ್ಲಿ ಅಲುಗಾಡುತ್ತದೆ, ಆ ಅಲುಗಾಟ ವಿದ್ಯುತ್ ಸಂಕೇತವಾಗಿ ಸ್ಪೀಕರಿಗೆ ಹೋಗುತ್ತದೆ. ಇನ್ನು ನಿಮ್ಮ ಪಠ್ಯದ ವೃತ್ತೀಯ ಚಲನೆಯ ಸೂತ್ರ ನೆನಪಿಸಿಕೊಳ್ಳಿ: ರೇಖೀಯ ವೇಗ ಎಂದರೆ ತ್ರಿಜ್ಯ ಗುಣಿಸು ಕೋನೀಯ ವೇಗ. ತಟ್ಟೆ ತಿರುಗುವ ಕೋನೀಯ ವೇಗ ಬದಲಾಗುವುದಿಲ್ಲ, ಸೆಕೆಂಡಿಗೆ ಸುಮಾರು 3.49 ರೇಡಿಯನ್. ಆದರೆ ತ್ರಿಜ್ಯ ಕಡಿಮೆಯಾಗುತ್ತ ಹೋಗುತ್ತದೆ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಹಾದುಹೋದರೆ, ಒಳಗಿನ ಕೊನೆಯಲ್ಲಿ 21 ಸೆಂಟಿಮೀಟರ್ ಮಾತ್ರ. ಅದೇ ಒಂದು ಸೆಕೆಂಡಿನ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. 10,000 ಹರ್ಟ್ಸ್‌ನ ತೀಕ್ಷ್ಣ ಧ್ವನಿಯ ಒಂದು ಅಲೆಗೆ ಹೊರಗೆ 51 ಮೈಕ್ರೋಮೀಟರ್ ಜಾಗವಿದ್ದರೆ ಒಳಗೆ 21 ಮೈಕ್ರೋಮೀಟರ್. ಅಷ್ಟು ಇಕ್ಕಟ್ಟಾದ ತಿರುವಿನಲ್ಲಿ ಮುಳ್ಳು ಸರಿಯಾಗಿ ತಿರುಗಲಾರದು, ಧ್ವನಿ ಸ್ವಲ್ಪ ಒಡೆಯುತ್ತದೆ.

ಇದು ಬರಿ ಲೆಕ್ಕವಲ್ಲ. ಈ ಕಾರಣಕ್ಕೇ ರೆಕಾರ್ಡ್ ತಯಾರಕರು ಅಬ್ಬರದ, ಝಗಮಗಿಸುವ ಹಾಡನ್ನು ಬದಿಯ ಮೊದಲಿಗೆ ಇಟ್ಟು, ಮೆಲುದನಿಯ ಹಾಡನ್ನು ಒಳ ಅಂಚಿಗೆ ಇಡುವುದನ್ನು ರೂಢಿಸಿಕೊಂಡರು. ರೆಕಾರ್ಡಿಗೆ ಎರಡು ಬದಿ ಇರುವುದರಿಂದ ಎರಡು ಆರಂಭ, ಎರಡು ಮುಕ್ತಾಯ. ಮೊದಲ ಬದಿ ಮುಗಿದಾಗ ಕೇಳುಗ ಎದ್ದು ಹೋಗಿ ತಿರುವಿ ಹಾಕಬೇಕಲ್ಲ, ಹಾಗೆ ಏಳುವ ಮನಸ್ಸು ಬರುವಂತೆ ಅಲ್ಲಿ ಏನೋ ಒಂದನ್ನು ಇಡಬೇಕು. ಯಾವ ಹಾಡಿನ ನಂತರ ಯಾವ ಹಾಡು ಎಂಬುದು ಹೀಗೆ ಒಂದು ವಿದ್ಯೆಯಾಯಿತು. ಅದರ ಬೇರಿನಲ್ಲಿ ನಮ್ಮ ತ್ರಿಜ್ಯವೂ ಕೋನೀಯ ವೇಗವೂ ಇವೆ ಎಂಬುದು ನನಗಂತೂ ಬಹಳ ಸಂತೋಷ ಕೊಡುವ ವಿಷಯ.

ಎಲ್‌ಪಿ ಬರುವುದಕ್ಕಿಂತ ಮೊದಲು ಈ ವಿದ್ಯೆಗೆ ಅವಕಾಶವೇ ಇರಲಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಯಲ್ಲಿ ಒಂದು ಬದಿಗೆ ಹಿಡಿಯುತ್ತಿದ್ದುದು ಮೂರರಿಂದ ನಾಲ್ಕು ನಿಮಿಷ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಕ್ಕೆ ಬಂದು ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡರು. ಗಂಟೆಗಟ್ಟಲೆ ಹಾಡಬಲ್ಲವರು ಮೂರು ನಿಮಿಷದಲ್ಲಿ ರಾಗವನ್ನು ಬಿಡಿಸಿ, ಮಡಿಸಿ ಮುಗಿಸಬೇಕಿತ್ತು. ಕೊನೆಯಲ್ಲಿ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿಕೊಳ್ಳುತ್ತಿದ್ದರು. ತಟ್ಟೆಗಳು ಜರ್ಮನಿಯ ಹ್ಯಾನೋವರ್‌ನಲ್ಲಿ ಅಚ್ಚಾಗುತ್ತಿದ್ದವು, ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ಗೊತ್ತಾಗಬೇಕಿತ್ತು. ಈ ಗೌಹರ್ ಜಾನ್ ಕೊನೆಯ ದಿನಗಳನ್ನು ಮೈಸೂರು ಅರಸರ ಆಶ್ರಯದಲ್ಲಿ ಕಳೆದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಮೈಸೂರಿಗೆ ಪ್ರವಾಸ ಹೋಗುವ ನಮ್ಮ ವಿದ್ಯಾರ್ಥಿಗಳಿಗೆ ಯಾರೂ ಇದನ್ನು ಹೇಳುವುದಿಲ್ಲ.

ಮೂರು ನಿಮಿಷವನ್ನು ಹಗುರವಾಗಿ ಕಾಣಬೇಡಿ. ಉಸ್ತಾದ್ ಅಬ್ದುಲ್ ಕರೀಂ ಖಾನ್ ಅವರು ಝಿಂಝೋಟಿಯಲ್ಲಿ ಹಾಡಿದ ಒಂದು ಠುಮ್ರಿಯ ತಟ್ಟೆಯನ್ನು ಗದಗಿನ ಕಡೆಯ ಒಬ್ಬ ಹುಡುಗ ಕೇಳಿದ. ಹಾಗೆ ಹಾಡಬೇಕೆಂಬ ಹಟ ಹತ್ತಿ, ಗುರುವನ್ನು ಹುಡುಕಿಕೊಂಡು 1933ರಲ್ಲಿ ಹನ್ನೊಂದನೆಯ ವಯಸ್ಸಿಗೇ ಮನೆ ಬಿಟ್ಟ. ಆ ಹುಡುಗ ಭೀಮಸೇನ ಜೋಶಿ. ಮುಂದೆ ಅವರಿಗೆ ಕಲಿಸಿದ ಕುಂದಗೋಳದ ಸವಾಯಿ ಗಂಧರ್ವರು ಅದೇ ಖಾನ್ ಸಾಹೇಬರ ಶಿಷ್ಯರು. ಒಂದು ಸಣ್ಣ ತಟ್ಟೆ ಒಬ್ಬರ ಬದುಕನ್ನೇ ತಿರುಗಿಸಿತು. ಆದರೆ ಆತ ಅದನ್ನು ಹತ್ತು ಸೆಕೆಂಡು ಕೇಳಿ ಮುಂದೆ ಹೋಗಲಿಲ್ಲ ಎಂಬುದನ್ನೂ ಗಮನಿಸಿ.

‘ಆಲ್ಬಂ’ ಎಂಬ ಮಾತು ಹುಟ್ಟಿದ್ದೂ ಆ 78ರ ಕಾಲದಲ್ಲೇ. ದೊಡ್ಡ ಕೃತಿಯೊಂದು ಒಂದು ತಟ್ಟೆಯಲ್ಲಿ ಹಿಡಿಸದಿದ್ದಾಗ ಐದಾರು ತಟ್ಟೆಗಳನ್ನು ದಪ್ಪ ರಟ್ಟಿನ ಪುಸ್ತಕದ ಒಳಗೆ, ಫೋಟೊ ಆಲ್ಬಮ್ಮಿನ ಹಾಳೆಗಳಂತೆ ಜೋಡಿಸಿ ಮಾರುತ್ತಿದ್ದರು. 1948ರಲ್ಲಿ ಅಮೆರಿಕದ ಕೊಲಂಬಿಯ ಕಂಪನಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ತಟ್ಟೆಯಲ್ಲಿ ತೀರ ಸಣ್ಣ ಗೆರೆ ಕೊರೆದು, ವೇಗವನ್ನು 33⅓ಕ್ಕೆ ಇಳಿಸಿ ಎಲ್‌ಪಿ ತಂದಿತು. ರಟ್ಟಿನ ಪುಸ್ತಕ ಹೋಯಿತು, ಹೆಸರು ಉಳಿಯಿತು. ಈಗ ನಿಮ್ಮ ಫೋನಿನಲ್ಲಿ ಪುಸ್ತಕವೂ ಇಲ್ಲ, ತಟ್ಟೆಯೂ ಇಲ್ಲ, ಹೆಸರು ಮಾತ್ರ ಹಾಗೇ ಇದೆ.

ಒಂದೇ ಉಸಿರಿಗೆ ಇಪ್ಪತ್ತು ನಿಮಿಷ ಸಿಕ್ಕಿದ ಮೇಲೆ ಏನು ಮಾಡಬಹುದು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ: 1967ರ ‘ಕಾಲ್ ಆಫ್ ದ ವ್ಯಾಲಿ’. ಸಂತೂರಿನಲ್ಲಿ ಶಿವಕುಮಾರ್ ಶರ್ಮಾ, ಕೊಳಲಿನಲ್ಲಿ ಹರಿಪ್ರಸಾದ್ ಚೌರಾಸಿಯಾ, ಗಿಟಾರಿನಲ್ಲಿ ಬ್ರಿಜ್‌ಭೂಷಣ್ ಕಾಬ್ರಾ. ಕಾಶ್ಮೀರದ ಒಬ್ಬ ಕುರುಬನ ಒಂದು ದಿನವನ್ನು, ಮಾತೇ ಇಲ್ಲದೆ, ರಾಗಗಳಲ್ಲಿ ಹೇಳಿದ್ದಾರೆ. ಹಿಂದುಸ್ತಾನಿ ಸಂಗೀತದಲ್ಲಿ ರಾಗಗಳಿಗೆ ಹೊತ್ತು ಗೊತ್ತು ಇದೆಯಲ್ಲ, ಅದನ್ನೇ ಕಥೆಯ ಗಡಿಯಾರ ಮಾಡಿಕೊಂಡರು. ಬೆಳಗಿನ ಅಹೀರ್ ಭೈರವದಿಂದ ಶುರು, ಅದರ ಬೆನ್ನಿಗೆ ನಟ್ ಭೈರವ, ಆಮೇಲೆ ಪೀಲು. ಅಲ್ಲಿಗೆ ಒಂದು ಬದಿ, ಸುಮಾರು 21 ನಿಮಿಷ. ತಿರುವಿ ಹಾಕಿದರೆ ಸಂಜೆಯ ಭೂಪ್, ರಾತ್ರಿಯ ದೇಸ್, ಕೊನೆಗೆ ಪಹಾಡಿ. ಸಂತೂರ್ ಅಂದರೆ ಕಾಶ್ಮೀರದ ಸೂಫಿಯಾನ ಸಂಗೀತದ ವಾದ್ಯ. ಶಾಸ್ತ್ರೀಯ ಸಂಗೀತದ ವೇದಿಕೆಗೆ ಅದನ್ನು ತಂದವರು ಶಿವಕುಮಾರ್ ಶರ್ಮಾ.

ಈ ರೆಕಾರ್ಡು ನನ್ನ ಬಳಿ ಬಂದದ್ದು ನನ್ನ ಮಾಮು ಅವರಿಂದ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ನೌಕರಿ ಮಾಡುತ್ತ, ಸಂಬಳದಲ್ಲಿ ಉಳಿಸಿ ನಲವತ್ತೋ ಐವತ್ತೋ ರೆಕಾರ್ಡು ಕೂಡಿಸಿದ್ದರು. ಈಗ ಅವರ ಕಿವಿ ಮಂದವಾಗಿದೆ. ‘ಇವು ಸುಮ್ಮನೆ ಧೂಳು ತಿನ್ನೂದಕ್ಕಿಂತ ನಿನ್ನ ಮಕ್ಕಳು ಕೇಳಲಿ’ ಎಂದು ಪ್ಲೇಯರ್ ಸಮೇತ ಕೊಟ್ಟರು. ನಿನ್ನ ಮಕ್ಕಳು ಎಂದರೆ ನೀವು.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಶನಿವಾರ ಮಧ್ಯಾಹ್ನ ದ್ವಿತೀಯ ವಿಜ್ಞಾನದ ಹದಿನಾಲ್ಕು ಜನ ಪ್ರಯೋಗಾಲಯದಲ್ಲಿ ಕುಳಿತು ಮೊದಲ ಬದಿ ಕೇಳಿದರು. ಷರತ್ತು ಒಂದೇ, ಫೋನುಗಳು ಗ್ಯಾಲ್ವನೋಮೀಟರ್ ಇಡುವ ಕಪಾಟಿನಲ್ಲಿ. ನಾಲ್ಕು ನಿಮಿಷವಾಗುವಷ್ಟರಲ್ಲಿ ಒಬ್ಬ ಎದ್ದು ಬಂದು ಪಿಸುದನಿಯಲ್ಲಿ ‘ಸರ್, ಮುಂದಿಂದು ಹೆಂಗ ಹಾಕೂದ್ರಿ?’ ಎಂದ. ಮುಳ್ಳನ್ನು ಕೈಯಲ್ಲಿ ಎತ್ತಿ ಇಡಬೇಕು, ಕೈ ನಡುಗಿದರೆ ರೆಕಾರ್ಡು ಗೀರು ಬೀಳುತ್ತದೆ ಎಂದೆ. ಹೋಗಿ ಕುಳಿತ. ಎಂಟು, ಹತ್ತು ನಿಮಿಷದ ಹೊತ್ತಿಗೆ ಕಾಲು ಅಲುಗಿಸುವುದು, ಉಗುರು ನೋಡುವುದು ನಿಂತವು. ಎಲ್ಲರಿಗೂ ಇಷ್ಟವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮುಗಿದ ಮೇಲೆ ಕೇಳಿದರೆ ನಾಲ್ಕೈದು ಜನ ‘ಬ್ಯಾಸರ ಆತ್ರಿ’ ಎಂದರು. ಒಬ್ಬಳು ಮಾತ್ರ, ಮೊದಲು ಬಂದ ಸ್ವರಗಳೇ ಕೊನೆಯಲ್ಲಿ ಬೇರೆ ಬಟ್ಟೆ ಹಾಕಿಕೊಂಡು ಬಂದಂತೆ ಅನಿಸಿತು ಎಂದಳು. ಸಂಗೀತ ಕಲಿತವಳಲ್ಲ. ಆದರೆ ಆ ಮಾತು ಹೇಳಬೇಕಾದರೆ ಮೊದಲು ಬಂದದ್ದು ಕೊನೆಯವರೆಗೆ ತಲೆಯಲ್ಲಿ ಉಳಿದಿರಬೇಕು.

ಸೋಮವಾರ ಇನ್ನೊಂದು ತಮಾಷೆ. ‘ಮುಂದಿಂದು ಹೆಂಗ ಹಾಕೂದ್ರಿ’ ಎಂದು ಕೇಳಿದ ಹುಡುಗ ಮನೆಯಲ್ಲಿ ಅದೇ ಆಲ್ಬಮ್ಮನ್ನು ಫೋನಿನಲ್ಲಿ ಹುಡುಕಿ ಹಾಕಿದ್ದಾನೆ, ಶಫಲ್ ಆನ್ ಇತ್ತು. ‘ಸರ್, ರಾತ್ರಿ ಆದಮ್ಯಾಲೆ ಮಧ್ಯಾಹ್ನ ಬಂತ್ರಿ, ಅದರ ಮ್ಯಾಲೆ ಮುಂಜಾನಿ. ಕುರುಬ ಯಾವಾಗ ಮಲಗಬೇಕ್ರಿ?’ ಎಂದ. ನನ್ನ ಇಡೀ ಲೇಖನ ಅವನ ಆ ಒಂದು ಪ್ರಶ್ನೆಯಲ್ಲಿದೆ.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡದ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ನಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವುದು ಹಲವೆಡೆ ಗೊತ್ತೇ ಆಗುವುದಿಲ್ಲ. ಹೃದಯದ ಬಡಿತದಿಂದ ಶುರುವಾಗಿ ಹೃದಯದ ಬಡಿತದಲ್ಲಿ ಮುಗಿಯುತ್ತದೆ. ನಡುವಿನಿಂದ ಒಂದನ್ನು ಕಿತ್ತು ಕೇಳಿದರೆ ಗೋಡೆಯಿಂದ ಇಟ್ಟಿಗೆ ಕಿತ್ತಂತೆ. ಆದರೆ ಎಲ್ಲ ರೆಕಾರ್ಡುಗಳೂ ಹೀಗಿಲ್ಲ. ನಮ್ಮ ಸಿನಿಮಾ ಹಾಡುಗಳ ಎಲ್‌ಪಿಯಲ್ಲಿ ಕ್ರಮಕ್ಕೆ ಅಂಥ ಅರ್ಥವೇನೂ ಇರುತ್ತಿರಲಿಲ್ಲ. ಹಾಡುಗಳ ಜಾಗ ಸಿನಿಮಾದ ಒಳಗಿತ್ತು, ರೆಕಾರ್ಡು ಅವುಗಳನ್ನು ಒಂದು ಡಬ್ಬಿಗೆ ತುಂಬಿಕೊಟ್ಟದ್ದು ಮಾತ್ರ. ಅಲ್ಲಿ ನಿಮಗೆ ಬೇಕಾದ ಹಾಡಿಗೆ ಹಾರಿದರೆ ಯಾರಿಗೂ ನಷ್ಟವಿಲ್ಲ. ಹಳೆಯದೆಲ್ಲ ಚಿನ್ನ ಎನ್ನುವವರ ಗುಂಪಿಗೆ ನಾನು ಸೇರುವುದಿಲ್ಲ.

ಕನ್ನಡದಲ್ಲಿ ನನಗೆ ಬೇಸರ ತರುವ ಉದಾಹರಣೆ ‘ನಿತ್ಯೋತ್ಸವ’. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದರು. 1978ರಲ್ಲಿ ಕ್ಯಾಸೆಟ್ಟಾಗಿ ಬಂದು ಮನೆಮನೆ ಮುಟ್ಟಿತು, ಕನ್ನಡದಲ್ಲಿ ಭಾವಗೀತೆಗಳ ಕ್ಯಾಸೆಟ್ ಎಂಬ ದಾರಿಯನ್ನೇ ತೆರೆಯಿತು. ನವೆಂಬರ್ ಒಂದಕ್ಕೆ ನಮ್ಮ ಕಾಲೇಜಿನಲ್ಲೂ ಅದರ ಹೆಸರಿನ ಹಾಡು ಆಗಲೇಬೇಕು. ಅದರಲ್ಲಿ ಬೇರೆ ಯಾವ ಹಾಡುಗಳಿವೆ ಎಂದು ಕೇಳಿದರೆ ವಿದ್ಯಾರ್ಥಿಗಳಿಗೂ ಗೊತ್ತಿಲ್ಲ, ಸ್ಟಾಫ್ ರೂಮಿನಲ್ಲೂ ಹೆಚ್ಚಿನವರಿಗೆ ಗೊತ್ತಿಲ್ಲ. ಕ್ಯಾಸೆಟ್ಟಿನ ಕಾಲದವರಿಗೆ ಎಲ್ಲವೂ ಬಾಯಿಪಾಠ. ಕಾರಣ ಭಕ್ತಿಯಲ್ಲ, ಮುಂದಕ್ಕೆ ಓಡಿಸುವ ಗುಂಡಿ ಒತ್ತಿ ಎಲ್ಲಿ ನಿಲ್ಲಿಸಬೇಕೆಂದು ಹುಡುಕುವುದಕ್ಕಿಂತ ಸುಮ್ಮನೆ ಬಿಡುವುದು ಸುಲಭವಾಗಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಸಂಗೀತ ಕೇಳುವುದರ ಬಗ್ಗೆ ನಮ್ಮ ಮನೆಗಳಲ್ಲೇ ಬೇರೆಬೇರೆ ಅಭಿಪ್ರಾಯಗಳಿವೆ. ದಫ್ ಹೊರತು ಬೇರೆ ವಾದ್ಯ ಬೇಡ ಎನ್ನುವವರಿದ್ದಾರೆ, ಸಮಾ ಕೇಳಿಯೇ ಬೆಳೆದ ಸಿಲ್‌ಸಿಲಾದವರೂ ಇದ್ದಾರೆ. ಆ ಚರ್ಚೆ ಈ ಲೇಖನದ್ದಲ್ಲ, ಅದಕ್ಕೆ ನಾನು ಅರ್ಹನೂ ಅಲ್ಲ. ಶನಿವಾರದ ಆ ಕೂಟಕ್ಕೆ ಬರುವುದಿಲ್ಲ ಎಂದವರನ್ನು ನಾನು ಕರೆಯಲಿಲ್ಲ, ಅವರ ಬಗ್ಗೆ ಗೌರವವೇ ಇದೆ. ಆದರೆ ಮೊದಲಿನಿಂದ ಕೊನೆಯವರೆಗೆ ಕೇಳುವುದು ಎಂಬ ಶಿಸ್ತು ನಮಗೆ ಹೊಸದಲ್ಲ. ಕಲಬುರಗಿಯ ಖ್ವಾಜಾ ಬಂದಾನವಾಜ್ ದರ್ಗಾದ ಉರುಸಿನಲ್ಲಿ ಕವ್ವಾಲಿ ಕೇಳಿದವರಿಗೆ ಗೊತ್ತು, ಅದು ನಿಧಾನವಾಗಿ ಏರುತ್ತದೆ. ಮೊದಲು ವಾದ್ಯ, ಆಮೇಲೆ ತಾಳವಿಲ್ಲದ ಒಂದೆರಡು ಸಾಲು, ಆಮೇಲೆ ಚಪ್ಪಾಳೆ. ಒಂದೇ ಸಾಲನ್ನು ಹತ್ತು ಸಲ ಹೇಳಿದಾಗ ಹತ್ತನೆಯ ಸಲಕ್ಕೆ ಕೇಳುಗನ ಕಣ್ಣು ತುಂಬುವುದು ಮೊದಲ ಒಂಬತ್ತು ಸಲದಿಂದ. ಚಪ್ಪಾಳೆಯ ಭಾಗಕ್ಕೇ ನೇರ ಹಾರಿದರೆ ಸಿಗುವುದು ಗದ್ದಲ.

ನಿಮ್ಮಲ್ಲಿ ಕೆಲವರ ಅಬ್ಬಾ, ಚಾಚಾಗಳು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದಾರೆ. ಅವರನ್ನು ಕೇಳಿ, ಅಲ್ಲಿನ ಚಹಾದಂಗಡಿಗಳಲ್ಲಿ ಉಮ್ಮು ಕುಲ್ಸುಂ ಹೆಸರು ಕೇಳದವರು ಇರಲಾರರು. ಈಜಿಪ್ಟಿನ ಈ ಗಾಯಕಿಯ ಕಚೇರಿ ತಿಂಗಳ ಮೊದಲ ಗುರುವಾರ ರಾತ್ರಿ ಕೈರೋ ರೇಡಿಯೊದಲ್ಲಿ ನೇರ ಪ್ರಸಾರವಾಗುತ್ತಿತ್ತು. 1964ರಲ್ಲಿ ಅವರು ಮೊದಲು ಹಾಡಿದ ‘ಇನ್ತ ಉಮ್ರಿ’ ಒಂದೇ ಹಾಡು ಸುಮಾರು ಒಂದು ಗಂಟೆಯಷ್ಟಿದೆ. ಮುಹಮ್ಮದ್ ಅಬ್ದುಲ್ ವಹ್ಹಾಬ್ ಸಂಗೀತ. ದನಿ ಕೇಳಬೇಕಾದರೆ ಮೊದಲು ಹಲವು ನಿಮಿಷ ವಾದ್ಯಗೋಷ್ಠಿಯನ್ನೇ ಕೇಳಬೇಕು. ಅಂಥ ಹಾಡುಗಳ ಎಲ್‌ಪಿಯಲ್ಲಿ ಎರಡೂ ಬದಿ ಸೇರಿ ಒಂದೇ ಹಾಡು. ಮುಂದಿನ ಹಾಡಿಗೆ ಹಾರೋಣವೆಂದರೆ ಮುಂದಿನ ಹಾಡೇ ಇಲ್ಲ!

ಅದೇ ಕೈರೋದಲ್ಲಿ, ಅದೇ ಕಾಲದಲ್ಲಿ ಇನ್ನೊಂದು ಕೆಲಸ ನಡೆಯಿತು. ಇದು ಸಂಗೀತವಲ್ಲ, ಬೇರೆಯಾಗಿಯೇ ಹೇಳುತ್ತೇನೆ. ಶೇಖ್ ಮಹಮೂದ್ ಖಲೀಲ್ ಅಲ್-ಹುಸರಿ ಅವರ ಕಂಠದಲ್ಲಿ ಸಂಪೂರ್ಣ ಕುರ್‌ಆನ್‌ನ ತಿಲಾವತ್ ಮೊದಲ ಬಾರಿಗೆ ಧ್ವನಿಮುದ್ರಣಗೊಂಡು 1961ರಲ್ಲಿ ರೆಕಾರ್ಡುಗಳಾಗಿ ಹೊರಬಂತು. ತಜ್‌ವೀದ್ ಕಲಿತವರಿಗೆ ವಕ್ಫಿನ ನಿಯಮ ಗೊತ್ತಿದೆ. ಎಲ್ಲಿ ನಿಲ್ಲಿಸಬಹುದು, ಎಲ್ಲಿ ನಿಲ್ಲಿಸಿದರೆ ಅರ್ಥ ಕೆಡುತ್ತದೆ, ಎಲ್ಲಿ ಮುಂದುವರಿಯಲೇಬೇಕು ಎಂಬುದಕ್ಕೆ ಗುರುತುಗಳಿವೆ. ತಟ್ಟೆಯ ಬದಿ ಮುಗಿಯಿತು ಎಂದು ಎಲ್ಲೆಂದರಲ್ಲಿ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸುವುದಕ್ಕೂ ಒಂದು ಜಾಗವಿದೆ ಎಂಬ ತಿಳಿವಳಿಕೆ ನಮ್ಮ ಮಕ್ಕಳಿಗೆ ಮಕ್ತಬಿನಲ್ಲೇ ಸಿಕ್ಕಿರುತ್ತದೆ. ಹೆಬ್ಬೆರಳು ಅದನ್ನು ಮರೆತಿದೆ ಅಷ್ಟೆ.

ಈ ಹೆಬ್ಬೆರಳಿನ ಚರಿತ್ರೆಯೂ ಕುತೂಹಲಕರ. ಎಲ್‌ಪಿ ಬಂದ ಮರುವರ್ಷವೇ, 1949ರಲ್ಲಿ, ಆರ್‌ಸಿಎ ಕಂಪನಿ 45 ಸುತ್ತಿನ ಸಣ್ಣ ರೆಕಾರ್ಡು ತಂದಿತು, ಬದಿಗೊಂದೇ ಹಾಡು. ಒಂದೇ ಹಾಡು ಬೇಕೆನ್ನುವ ಆಸೆ ಆಗಲೂ ಇತ್ತು. ಮಾಮು ಕೊಟ್ಟ ಗಜಲುಗಳ ಒಂದು ಎಲ್‌ಪಿಯಲ್ಲಿ ಮೂರನೆಯ ಹಾಡಿನ ಪಟ್ಟಿ ಮಾತ್ರ ಬೂದುಬಣ್ಣಕ್ಕೆ ತಿರುಗಿದೆ. ಮುಳ್ಳನ್ನು ಮತ್ತೆಮತ್ತೆ ಅಲ್ಲಿಗೇ ಎತ್ತಿಟ್ಟು ಸವೆಸಿದ್ದಾರೆ. ಯಾಕೆ ಆ ಹಾಡು ಎಂದು ಕೇಳಿದರೆ ಮಾಮು ನಗುತ್ತಾರೆ, ಹೇಳುವುದಿಲ್ಲ. ಹಾಗಾಗಿ ಹಿಂದಿನವರು ತಾಳ್ಮೆಯ ಮೂರ್ತಿಗಳು, ಈಗಿನವರು ಚಂಚಲರು ಎನ್ನುವುದು ಪೂರ್ತಿ ನಿಜವಲ್ಲ. ವ್ಯತ್ಯಾಸ ಶ್ರಮದಲ್ಲಿದೆ. ಆಗ ಹಾರಬೇಕಾದರೆ ಎದ್ದು ಹೋಗಬೇಕಿತ್ತು, ರೆಕಾರ್ಡು ಸವೆಯುತ್ತಿತ್ತು. 1982ರಲ್ಲಿ ಸಿಡಿ ಬಂದಾಗ ಹಾಡಿಗೊಂದು ಸಂಖ್ಯೆ, ಕೈಗೊಂದು ರಿಮೋಟು ಸಿಕ್ಕಿತು. 2003ರಲ್ಲಿ ಆಪಲ್ ಕಂಪನಿ ಐಟ್ಯೂನ್ಸ್ ಅಂಗಡಿ ತೆರೆದು ಹಾಡೊಂದಕ್ಕೆ 99 ಸೆಂಟ್‌ನಂತೆ ಬಿಡಿಬಿಡಿಯಾಗಿ ಮಾರಿತು. ಈಗ ಅದೂ ಬೇಡ, ತಿಂಗಳ ಚಂದಾ ಕಟ್ಟಿದರೆ, ಇಲ್ಲವೇ ಜಾಹೀರಾತು ಸಹಿಸಿಕೊಂಡರೆ, ಕೋಟ್ಯಂತರ ಹಾಡು. ಹಾರುವುದಕ್ಕೆ ತಗಲುವ ಶ್ರಮ, ಖರ್ಚು ಎರಡೂ ಸೊನ್ನೆ.

ಸೊನ್ನೆಯಾದದ್ದರ ಪರಿಣಾಮ ಹಾಡು ಮಾಡುವವರ ಮೇಲೂ ಆಗಿದೆ. ಸ್ಪಾಟಿಫೈಯಲ್ಲಿ ಒಂದು ಹಾಡನ್ನು ಕನಿಷ್ಠ 30 ಸೆಕೆಂಡು ಕೇಳಿದರೆ ಮಾತ್ರ ಅದು ಕೇಳಿದ ಲೆಕ್ಕಕ್ಕೆ ಬರುತ್ತದೆ. ಇಪ್ಪತ್ತೊಂಬತ್ತಕ್ಕೆ ಹಾರಿದರೆ ಇಲ್ಲ. ಹಾಗಾದರೆ ಹಾಡುಗಾರ ಮೊದಲ ಮೂವತ್ತು ಸೆಕೆಂಡಿನಲ್ಲೇ ನಿಮ್ಮ ಕೊರಳಪಟ್ಟಿ ಹಿಡಿಯಬೇಕು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು 1986ರಿಂದ 2015ರವರೆಗೆ ಆ ದೇಶದಲ್ಲಿ ಜನಪ್ರಿಯವಾದ ಹಾಡುಗಳನ್ನು ಅಳೆದು ನೋಡಿದರು. ದನಿ ಬರುವ ಮುಂಚಿನ ವಾದ್ಯಭಾಗ ಮೊದಲು ಸರಾಸರಿ 20 ಸೆಕೆಂಡಿಗಿಂತ ಹೆಚ್ಚಿದ್ದದ್ದು ಕೊನೆಗೆ ಸುಮಾರು 5 ಸೆಕೆಂಡಿಗೆ ಇಳಿದಿತ್ತು. ಇನ್ನೊಂದು ಸಂಗತಿ: 2021ರ ನವೆಂಬರಿನಲ್ಲಿ ಅಡೆಲ್ ಎಂಬ ಬ್ರಿಟಿಷ್ ಗಾಯಕಿ ತನ್ನ ‘30’ ಎಂಬ ಆಲ್ಬಂ ಹೊರತಂದಾಗ, ಆಲ್ಬಂ ತೆರೆದ ಕೂಡಲೇ ಶಫಲ್ ಆಗುವ ಏರ್ಪಾಡನ್ನು ತೆಗೆಯುವಂತೆ ಕೇಳಿಕೊಂಡರು, ಸ್ಪಾಟಿಫೈ ಒಪ್ಪಿತು. ತಾನು ಜೋಡಿಸಿದ ಕ್ರಮದಲ್ಲಿ ಕೇಳಿ ಎಂದು ಜಗತ್ತಿನ ಇಷ್ಟು ದೊಡ್ಡ ಗಾಯಕಿಯೇ ವಿನಂತಿ ಮಾಡಿಕೊಳ್ಳಬೇಕಾಯಿತು.

ನಾವು ಕಳೆದುಕೊಳ್ಳುತ್ತಿರುವುದು ಯಾವುದನ್ನು ಎಂದು ನನ್ನನ್ನು ಕೇಳಿದರೆ, ಮೊದಲ ಸಲ ಇಷ್ಟವಾಗದ ಹಾಡನ್ನು ಎನ್ನುತ್ತೇನೆ. ಇಡೀ ಬದಿ ಕೇಳುವವನಿಗೆ ಇಷ್ಟದ ಎರಡು ಹಾಡಿನ ನಡುವೆ ಇಷ್ಟವಿಲ್ಲದ್ದೊಂದು ಪ್ರತಿ ಸಲವೂ ಬಂದೇ ಬರುತ್ತದೆ. ಐದಾರು ಸಲ ಕೇಳಿದ ಮೇಲೆ ಕೆಲವೊಮ್ಮೆ ಅದೇ ಹೆಚ್ಚು ಹಿಡಿಸತೊಡಗುತ್ತದೆ. ಮೊದಲ ಕೇಳುವಿಕೆಯಲ್ಲೇ ತನ್ನದೆಲ್ಲವನ್ನೂ ಕೊಟ್ಟುಬಿಡುವ ಹಾಡು ಬೇಗ ಖಾಲಿಯಾಗುತ್ತದೆ. ಹತ್ತು ಸೆಕೆಂಡಿನ ಪರೀಕ್ಷೆಯಲ್ಲಿ ಪಾಸಾಗುವುದು ಆ ಬಗೆಯದ್ದು ಮಾತ್ರ. ಅದರ ಮೇಲೆ ಫೋನಿನ ಗಣಕವು ನೀವು ಯಾವುದಕ್ಕೆ ಹಾರಿದಿರಿ ಎಂದು ಬರೆದಿಟ್ಟುಕೊಂಡು, ಮುಂದೆ ಅಂಥದ್ದೇ ಹಾಡುಗಳನ್ನು ಸಾಲಾಗಿ ಕೊಡುತ್ತದೆ. ನಿಮ್ಮ ರುಚಿ ನಿನ್ನೆ ಎಲ್ಲಿತ್ತೋ ಇಂದೂ ಅಲ್ಲೇ. ಪರೀಕ್ಷೆಗೆ ‘ಪಾಸಿಂಗ್ ಪ್ಯಾಕೇಜ್’ ಮಾತ್ರ ಓದುವವರಿಗೆ ಈ ಹೋಲಿಕೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಚಿಕ್ಕ ಸಂಗತಿ. ಒಂದು ರೆಕಾರ್ಡನ್ನು ಬಹಳ ಸಲ ಕ್ರಮದಲ್ಲಿ ಕೇಳಿದವರಿಗೆ, ಒಂದು ಹಾಡು ಮುಗಿದ ಕೂಡಲೇ ಆ ಎರಡು ಮೂರು ಸೆಕೆಂಡಿನ ಮೌನದಲ್ಲೇ ಮುಂದಿನ ಹಾಡಿನ ಮೊದಲ ಸ್ವರ ತಲೆಯಲ್ಲಿ ಮೂಡುತ್ತದೆ. ಮಾಮು ಅವರಿಗೆ ಈಗ ಸ್ಪೀಕರಿನ ದನಿ ಸರಿಯಾಗಿ ಕೇಳಿಸುವುದಿಲ್ಲ. ಆದರೂ ನಾನು ಅವರ ಮುಂದೆ ರೆಕಾರ್ಡು ಹಚ್ಚಿದರೆ, ಹಾಡು ಮುಗಿದು ಮುಳ್ಳು ನುಣುಪು ಪಟ್ಟಿಯ ಮೇಲೆ ಬಂದದ್ದನ್ನು ಕಣ್ಣಿಂದ ನೋಡಿಯೇ, ಮುಂದಿನದನ್ನು ಸರಿಯಾದ ಶ್ರುತಿಯಲ್ಲಿ ಗುನುಗಲು ಶುರು ಮಾಡುತ್ತಾರೆ. ಕಿವಿ ಹೋದರೂ ಕ್ರಮ ಉಳಿದಿದೆ. ಶಫಲಿನಲ್ಲಿ ಕೇಳಿದ ಸಾವಿರ ಹಾಡು ಯಾರಿಗಾದರೂ ಹೀಗೆ ಉಳಿದೀತೇ ಎಂದು ನಾನು ಯೋಚಿಸುತ್ತಿರುತ್ತೇನೆ.

ಇಷ್ಟು ಓದಿ ಯಾರಾದರೂ ಮನೆಯಲ್ಲಿ ರೆಕಾರ್ಡ್ ಪ್ಲೇಯರಿಗೆ ಹಟ ಹಿಡಿದರೆ ನಿಮ್ಮ ತಂದೆತಾಯಿಯರು ನನ್ನನ್ನು ಹುಡುಕಿಕೊಂಡು ಬಂದಾರು. ಅದರ ಅಗತ್ಯವಿಲ್ಲ. ವಿನೈಲ್ ಈಗ ಮತ್ತೆ ಶೋಕಿಯಾಗಿದೆ ನಿಜ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4 ಕೋಟಿ 10 ಲಕ್ಷ ವಿನೈಲ್ ರೆಕಾರ್ಡುಗಳು ಮಾರಾಟವಾಗಿ, 1987ರ ನಂತರ ಮೊದಲ ಬಾರಿಗೆ ಸಿಡಿಗಳ ಸಂಖ್ಯೆಯನ್ನು ದಾಟಿದವು. ವಿನೈಲಿನ ಧ್ವನಿಯೇ ಉತ್ತಮ ಎನ್ನುವ ಮಾತನ್ನು ಮಾತ್ರ ಭೌತಶಾಸ್ತ್ರದವನಾಗಿ ನಾನು ಒಪ್ಪಲಾರೆ. ಅತಿ ಮೆಲು ದನಿಗೂ ಅತಿ ಜೋರು ದನಿಗೂ ನಡುವಿನ ಅಂತರ ಸಿಡಿಯಲ್ಲಿ ಸುಮಾರು 96 ಡೆಸಿಬಲ್, ಎಲ್‌ಪಿಯಲ್ಲಿ ಅದಕ್ಕಿಂತ ಬಹಳ ಕಡಿಮೆ. ಚಟಪಟ ಸದ್ದು, ಒಳ ಅಂಚಿನ ಒಡಕು ಬೇರೆ. ಇಷ್ಟರ ಮೇಲೆ, ಖಾನ್ ಸಾಹೇಬರ ತಟ್ಟೆ ಕೇಳಬೇಕೆಂದರೆ ಹಿಂದೆ ಅದನ್ನು ಇಟ್ಟುಕೊಂಡವರ ಮನೆ ಬಾಗಿಲು ಬಡಿಯಬೇಕಿತ್ತು. ಈಗ ಹಾಸ್ಟೆಲ್ಲಿನ ಮೇಲಿನ ಮಂಚದಲ್ಲಿ ಮಲಗಿ ಕೇಳಬಹುದು. ಇದು ಸಣ್ಣ ಉಪಕಾರವಲ್ಲ.

ನಿಮ್ಮ ಫೋನಿನಲ್ಲೇ ಇಡೀ ಆಲ್ಬಂ ಕೇಳುವ ಉಪಾಯ ಹೀಗಿದೆ. ಪ್ಲೇಲಿಸ್ಟಿಗೆ ಹೋಗಬೇಡಿ, ಆಲ್ಬಮ್ಮಿನ ಹೆಸರು ಕೊಟ್ಟು ಹುಡುಕಿ. ಹಳೆಯ ಆಲ್ಬಂ ಆದರೆ ಕೊನೆಗೆ ‘ಬೋನಸ್’ ಎಂದು ಸೇರಿಸಿರುವುದನ್ನು ಬಿಡಿ, ಅದು ಮೂಲ ಕ್ರಮದಲ್ಲಿ ಇರಲಿಲ್ಲ. ಶಫಲ್ ಆರಿಸಿ. ಸೆಟ್ಟಿಂಗಿನಲ್ಲಿ ಆಟೊಪ್ಲೇ ಎಂದಿರುತ್ತದೆ, ಅದನ್ನೂ ಆರಿಸಿದರೆ ಆಲ್ಬಂ ಮುಗಿದ ಮೇಲೆ ಮುಗಿಯುತ್ತದೆ, ಬೇರೆ ಯಾರದೋ ಹಾಡು ನುಗ್ಗುವುದಿಲ್ಲ. ಕ್ರಾಸ್‌ಫೇಡ್ ಇದ್ದರೆ ಸೊನ್ನೆಗೆ ಇಳಿಸಿ, ಇಲ್ಲವಾದರೆ ಹಾಡುಗಳ ನಡುವಿನ ಮೌನವನ್ನು ಅದು ತಿಂದುಹಾಕುತ್ತದೆ. ಗ್ಯಾಪ್‌ಲೆಸ್ ಎಂಬುದನ್ನು ಮಾತ್ರ ಹಾಕಿಯೇ ಇಡಿ, ಒಂದಕ್ಕೊಂದು ಅಂಟಿಕೊಂಡ ಹಾಡುಗಳ ನಡುವೆ ಇಲ್ಲದ ಕತ್ತರಿ ಬೀಳದಿರಲಿ. ಆಮೇಲೆ ಫೋನನ್ನು ಮಗುಚಿ ಕೈಗೆ ಸಿಗದಷ್ಟು ದೂರ ಇಡಿ. ಅಹೀರ್ ಭೈರವದಿಂದಲೇ ಶುರು ಮಾಡುವುದಾದರೆ ಫಜ್ರ್ ಮುಗಿಸಿ ಬಂದ ಹೊತ್ತು ಸರಿಯಾಗಿರುತ್ತದೆ, ಮೊದಲ ಬದಿಗೆ 21 ನಿಮಿಷ ಸಾಕು. ಉಳಿದದ್ದನ್ನು ಸಂಜೆಗೆ ಇಟ್ಟುಕೊಳ್ಳಬಹುದು, ಭೂಪ್ ಸಂಜೆಯ ರಾಗ ತಾನೆ.